ಸೊನ್ನೆಯ ನಾಲ್ಕು ಮಾತ್ರೆ

ನವೆಂಬರ್ ೪, ಸೋಮವಾರ

ದೀಪಾವಳಿ ಪಾಡ್ಯದ ಪೂಜೆಗೆಂದು ತಂದ ಎರಡು ಕಿರ್ದಿ ಪುಸ್ತಕಗಳಲ್ಲಿ ಒಂದು ಹಾಗೆಯೇ ಉಳಿದಿದೆ. ಅಂಗಡಿಯ ಲೆಕ್ಕ ಈಗ ಕಂಪ್ಯೂಟರಿನಲ್ಲಿ. ಕೆಂಪು ರಟ್ಟಿನ ಇಷ್ಟು ಚಂದದ ಪುಸ್ತಕ ಬರಿದೆ ಬಿಡುವುದು ಬೇಡವೆಂದು ಇಂದಿನಿಂದ ಇದರಲ್ಲಿ ನನ್ನ ಮಾತು ಬರೆಯುತ್ತೇನೆ. ನಾನು ಹೇಳುವುದನ್ನು ಅರ್ಧ ಗೋಕಾಕ ಕೇಳುತ್ತದೆ. ಬರೆದಿಟ್ಟುಕೊಳ್ಳುವವರು ಯಾರೂ ಕಾಣಲಿಲ್ಲ.

ಮೂಡಲಗಿಯ ಉದ್ದಪ್ಪ ಮಾಸ್ತರರ ಪುಸ್ತಕ ಇಂದು ಮುಗಿಯಿತು. ‘ಸಂಗೀತ ಪರಿಭಾಷೆ: ಜೂನಿಯರ್ ಪರೀಕ್ಷೆಯ ವಿದ್ಯಾರ್ಥಿಗಳಿಗೆ’. ಮೂವತ್ತೆರಡು ಪುಟ, ನೂರೈವತ್ತು ಪ್ರತಿ. ಪರೀಕ್ಷೆ ಇದೇ ಇಪ್ಪತ್ನಾಲ್ಕಕ್ಕೆ, ಇಲ್ಲೇ ಗೋಕಾಕಿನಲ್ಲಿ. ನಮ್ಮ ಕಡೆಯ ಮಕ್ಕಳು ಹಾಡುವುದರಲ್ಲಿ ಪಾಸಾಗುತ್ತಾರೆ, ಬರೆಯುವುದರಲ್ಲಿ ಫೇಲಾಗುತ್ತಾರೆ. ನಾದ ಅಂದರೇನು, ಶ್ರುತಿ ಅಂದರೇನು ಎಂದು ಕೇಳಿದರೆ ಪೆನ್ನು ಕಚ್ಚುತ್ತಾರೆ. ಅದಕ್ಕೇ ಈ ಪುಸ್ತಕ. ಕಲ್ಪನೆ ನನ್ನದು, ನೋಟುಬುಕ್ಕು ಮಾಸ್ತರರದು. ನಲವತ್ತು ವರ್ಷ ಕಲಿಸುತ್ತ ಬರೆದಿಟ್ಟದ್ದು. ಅವರು ಕಣ್ಣಿನ ಪೊರೆ ತೆಗೆಸಿದ್ದಾರೆ, ತಿಂಗಳು ಓದುವಂತಿಲ್ಲ. “ನೀನ ನೋಡ್ಕೊ ಅಣ್ಣಾಸಾಬ, ನಿನ್ನ ಲೆಕ್ಕದ ಕಣ್ಣಿಗಿ ತಪ್ಪ ಎಲ್ಲಿ ತಪ್ಪಸ್ಕೋತಾವು” ಎಂದು ಹೇಳಿ ಕೊಟ್ಟರು.

ನೋಡಿಕೊಂಡೆ. ಹದಿನಾರನೆಯ ವರ್ಷಕ್ಕೆ ಬೆಲ್ಲದ ಅಡತಿ ಅಂಗಡಿಯಲ್ಲಿ ಕಿರ್ದಿ ಬರೆಯಲು ಕೂತವನು ನಾನು. ಆಮೇಲೆ ಟೈಪಿಂಗ್, ಡಿಟಿಪಿ, ಝೆರಾಕ್ಸ್, ಈಗ ಬಸ್ ಸ್ಟ್ಯಾಂಡಿನ ಬಾಜೂ ಸ್ವಂತ ಅಂಗಡಿ, ಅದರ ಹಿಂದೆಯೇ ಮನೆ. ಕಾಗದದ ಮೇಲೆ ಅನವಶ್ಯಕವಾದದ್ದು ಎಲ್ಲಿ ಕೂತಿದೆಯೆಂದು ನನಗೆ ವಾಸನೆಯಿಂದಲೇ ತಿಳಿಯುತ್ತದೆ.

ಹದಿನಾಲ್ಕನೆಯ ಪುಟದಲ್ಲಿ ತಾಳಗಳ ಕೋಷ್ಟಕ. ಮಾತ್ರೆಯೆಂದರೆ ಒಂದು ಎಣಿಕೆ. ಮಾತ್ರೆಗಳನ್ನು ಕೂಡಿದರೆ ತಾಳ. ಮಾಸ್ತರರು ಒಂದೊಂದು ತಾಳವನ್ನು ಸಾಲುಗಳಾಗಿ ಒಡೆದು, ಪ್ರತಿ ಸಾಲಿನ ತಲೆಗೆ ಒಂದು ಗುರುತು ಹಾಕಿದ್ದಾರೆ: ಒಂದಕ್ಕೆ ×, ಒಂದಕ್ಕೆ ೨, ಒಂದಕ್ಕೆ ೩, ಕೆಲವಕ್ಕೆ ೦. ಅಡತಿಯಲ್ಲಿ ಮೊದಲ ದಿನ ಕಲಿತದ್ದೇ ಇದು: ಸೊನ್ನೆ ಬಿದ್ದ ಸಾಲನ್ನು ಮುಂದಿನ ಪುಟಕ್ಕೆ ಎಳೆಯಬಾರದು. ಐದೂ ತಾಳಗಳಿಂದ ಸೊನ್ನೆ ಸಾಲು ತೆಗೆದೆ. × ಇದ್ದದ್ದನ್ನೂ ತೆಗೆಯಬೇಕಿತ್ತು, ಅದು ರದ್ದಾದದ್ದರ ಗುರುತು. ಆದರೆ ಮೊದಲ ಸಾಲೇ ರದ್ದಾದರೆ ತಾಳ ಶುರುವಾಗುವುದೆಲ್ಲಿ ಎಂದು ಮಾಸ್ತರರ ಮೇಲಿನ ಗೌರವಕ್ಕೆ ಬಿಟ್ಟುಕೊಟ್ಟೆ.

ತೆಗೆದ ಮೇಲೆ ಕೂಡಿ ನೋಡಿದರೆ ಅವರು ಬರೆದ ಮೊತ್ತ ಒಂದೂ ಸರಿಯಿಲ್ಲ! ತೀನತಾಲಕ್ಕೆ ಹದಿನಾರು ಎಂದಿದ್ದಾರೆ, ಇರುವುದು ಹನ್ನೆರಡು. ದಾದರಾಕ್ಕೆ ಆರು ಎಂದಿದ್ದಾರೆ, ಇರುವುದು ಮೂರು. ಐದಕ್ಕೆ ಐದೂ ತಪ್ಪು. ಹಾಡುವವರ ಕೂಡಿಕೆ ಇಷ್ಟೇ. ಮೂರು ಸಲ ಕೂಡಿ ಎಲ್ಲ ಮೊತ್ತ ತಿದ್ದಿದೆ. ‘ಖಾಲಿ’ ಎಂಬ ಶಬ್ದಕ್ಕೂ ಬೇರೆ ಅರ್ಧ ಪುಟ ಬರೆದಿದ್ದರು. ಖಾಲಿಯೆಂದರೆ ಖಾಲಿ. ಅದನ್ನು ಯಾರಿಗೆ ತಿಳಿಸಿ ಹೇಳಬೇಕು? ಓದುವ ಗೋಜಿಗೂ ಹೋಗದೆ ತೆಗೆದೆ. ಪುಸ್ತಕ ಲೆಕ್ಕ ಹಾಕಿದಂತೆ ಮೂವತ್ತೆರಡು ಪುಟಕ್ಕೆ ಬಂದು ಕೂತಿತು.

ಸಂಜೆ ಪ್ರತಿಗಳಿಗೆ ನಂಬರ್ ಹೊಡೆಯುತ್ತಿದ್ದಾಗ ಹೆಂಡತಿ ಶೋಭಾ ಚಹಾ ತಂದಳು. ಒಂದು ಪ್ರತಿ ತೆರೆದು ನೋಡಿ ಏನೋ ಹೇಳಿದಳು. ಮೂರು ಸಲ ಕೂಡಿದ್ದೇನೆ ಎಂದೆ. ಚಹಾ ಆರಿತ್ತು.

ನವೆಂಬರ್ ೭, ಗುರುವಾರ

ಮೂಡಲಗಿ. ೧ರಿಂದ ೫೦ರವರೆಗಿನ ಪ್ರತಿಗಳು ಮಾಸ್ತರರ ಕ್ಲಾಸಿಗೆ. ಯಾವ ನಂಬರ್ ಯಾರಿಗೆ ಎಂದು ಬರೆದುಕೊಂಡೆ. ಒಂದು ಗುಂಡುಸೂಜಿ ಕೊಟ್ಟರೂ ಬರೆದುಕೊಳ್ಳುವುದು ನನ್ನ ರೂಢಿ.

ಮಾಸ್ತರರು ಕಪ್ಪು ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಪುಸ್ತಕ ಕೈಗಿಟ್ಟರೆ ತೆರೆಯಲಿಲ್ಲ, ಬೆನ್ನಿನ ಪಿನ್ನುಗಳನ್ನು ಸವರಿದರು.

“ನನ್ನ ಹೆಸರ ಎಲ್ಲಿ ಹಾಕಿದಿ?”

“ಮ್ಯಾಲ್ರಿ, ದಪ್ಪ ಅಕ್ಷರದಾಗ.”

“ನಿಂದು?”

“ಹಿಂದ, ಸಣ್ಣ ಅಕ್ಷರದಾಗ. ಅಂಗಡಿ ಹೆಸರು, ಫೋನ್ ನಂಬರ್, ಅಷ್ಟ.”

“ಶಾಣ್ಯಾ ಅದಿ. ತಪ್ಪ ಇದ್ರ ನನಗ ಬೈತಾರ, ಕೆಲಸ ಇದ್ರ ನಿನಗ ಫೋನ್ ಹಚ್ಚತಾರ.”

ಇಬ್ಬರೂ ನಕ್ಕೆವು. ನಾಲ್ಕು ಶಬ್ದ ಓದಿ ಹೇಳು ಎಂದರು. ಓದಿದೆ: ಏಳು ಸ್ವರಗಳಲ್ಲಿ ಸ ಮತ್ತು ಪ ಅಚಲ, ತಮ್ಮ ಜಾಗ ಬಿಟ್ಟು ಸರಿಯುವುದಿಲ್ಲ. ಉಳಿದ ಐದು ಒಂದೊಂದು ಮೆಟ್ಟಿಲು ಆ ಕಡೆ ಈ ಕಡೆ ಆಗುತ್ತವೆ. ರಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣಿಸಿಕೊಳ್ಳುವ ಸ್ವರ ವಾದಿ, ಅದರ ಜೊತೆಗಾರ ಸಂವಾದಿ. ಒಂದು ರಾಗಕ್ಕೆ ಬೇಡವಾದ ಸ್ವರ ವರ್ಜ್ಯ. ನಾನು ಓದುವ ಮೊದಲೇ ಅವರ ತುಟಿ ಅದನ್ನೇ ಹೇಳುತ್ತಿತ್ತು. ತಾಳದ ಪುಟಕ್ಕೆ ಬರುವಷ್ಟರಲ್ಲಿ ಗೋಕಾಕ ಬಸ್ಸು ಹಾರ್ನ್ ಹಾಕಿತು.

“ನಲವತ್ತ ವರ್ಷ ಕಲಿಸೀನಿ,” ಎಂದರು ಮಾಸ್ತರರು, “ಪುಸ್ತಕ ಅಂತ ಮಾಡಿದ್ದು ಇದೊಂದ. ಕಣ್ಣ ಬಿಟ್ಟ ಮ್ಯಾಲ ಮೊದಲ ಇದನ್ನ ಓದತೀನಿ.”

ನವೆಂಬರ್ ೮, ಶುಕ್ರವಾರ

ಹುಕ್ಕೇರಿ. ೫೧ರಿಂದ ೯೫. ನಿಡಸೋಸಿಯಿಂದ ದಿನಾ ಬಂದು ಇಲ್ಲಿ ಸಂಗೀತದ ಕ್ಲಾಸು ನಡೆಸುವ ನಂದಿನಿ ಅಕ್ಕಾರು ಅಷ್ಟೂ ತೆಗೆದುಕೊಂಡರು. ಕವರು ಚಂದ ಇದೆಯೆಂದರು. ಹೋಗಿ ಬರುವುದರಲ್ಲಿ ಇಡೀ ದಿನ.

ನವೆಂಬರ್ ೯, ಶನಿವಾರ

ನಾಗನೂರಿನ ದ್ರಾಕ್ಷಾಯಿಣಿ ಬಂದು ೧೦೭ನೆಯ ಪ್ರತಿ ಒಯ್ದಳು. ಮೂವತ್ನಾಲ್ಕು ವರ್ಷ. ಮನೆಯಲ್ಲಿ ಬ್ಲೌಸು ಹೊಲಿಯುತ್ತಾಳೆ, ಊರ ಭಜನೆಯಲ್ಲಿ ಮುಂದೆ ಕೂತು ಹಾಡುತ್ತಾಳೆ. ಘಟಪ್ರಭಾದ ಹತ್ತಿರದ ಒಂದು ವಸತಿ ಶಾಲೆಯವರು ಅವಳ ಹಾಡು ಕೇಳಿ, ಜೂನಿಯರ್ ಸರ್ಟಿಫಿಕೇಟ್ ತಂದರೆ ಸಂಗೀತ ಕಲಿಸಲು ತೆಗೆದುಕೊಳ್ಳುತ್ತೇವೆ ಎಂದಿದ್ದಾರೆ. ಬರವಣಿಗೆಯಲ್ಲಿ ಎರಡು ಸಲ ಹೋಗಿದೆ. ಎರಡನೆಯ ಸಲ ಒಂದೇ ಅಂಕಕ್ಕೆ.

“ಈ ಸಲ ಆಗಲಿಲ್ಲಂದ್ರ ಅವರು ಬ್ಯಾರೆಯವರನ್ನ ನೋಡ್ಕೋತಾರ್ರಿ ಕಾಕಾ,” ಎಂದಳು. “ಪುಸ್ತಕದಾಗ ಇದ್ದದ್ದಷ್ಟ ಬಾಯಿಪಾಠ ಮಾಡಿದ್ರ ಸಾಕಲ್ರಿ?”

“ಅದರ ಹೊರಗ ಒಂದ ಪ್ರಶ್ನಿ ಬಂದ್ರ ನನ್ನ ಕೇಳು,” ಎಂದೆ.

ನವೆಂಬರ್ ೧೩, ಬುಧವಾರ

ಬೆಳಿಗ್ಗೆ ಅಂಗಡಿ ತೆರೆದಾಗ ದ್ರಾಕ್ಷಾಯಿಣಿ ಮೆಟ್ಟಿಲ ಮೇಲೆ ಕೂತಿದ್ದಳು.

“ಕಾಕಾ, ಒಂದ ಮಾತ ಕೇಳತೀನಿ, ಸಿಟ್ಟಾಗಬ್ಯಾಡ್ರಿ. ನಿನ್ನಿ ಭಜನ್ಯಾಗ ಪುಸ್ತಕದಾಗ ಇದ್ದಂಗ ಕೈತಾಳ ಹಾಕಿದ್ನಿರಿ. ತಬಲಾದಾಂವ ಬಾರಸೂದ ನಿಂದರಿಸಿ, ‘ಯಕ್ಕಾ, ನಾಕ ಮಾತ್ರಾ ಮನ್ಯಾಗ ಇಟ್ಟ ಬಂದೀ ಏನ?’ ಅಂದ. ಎಲ್ಲಾರೂ ನಕ್ಕರು.”

“ಪುಸ್ತಕ ಏನ ಹೇಳತೈತಿ?”

“ತೀನತಾಲಕ್ಕ ಹನ್ನೆರಡ ಅಂತೈತ್ರಿ. ಉದ್ದಪ್ಪ ಮಾಸ್ತರು ಬರದದ್ದ ತಪ್ಪ ಹೆಂಗ ಇರತೈತಿ? ಅದಕ್ಕ ಕೇಳಾಕತ್ತೇನಿ. ಇಷ್ಟ ವರ್ಷ ನಾನ ತಪ್ಪ ಹಾಡಕೋತ ಬಂದೀನೇನ್ರಿ?”

“ಪರೀಕ್ಷಾದಾಗ ಬರಿಯೂದು ಬ್ಯಾರೆ, ಭಜನ್ಯಾಗ ಬಾರಸೂದು ಬ್ಯಾರೆ,” ಎಂದೆ.

ತಲೆ ಅಲ್ಲಾಡಿಸಿ ಹೋದಳು. ಆ ವಾಕ್ಯ ಎಲ್ಲಿಂದ ಬಂತೋ ತಿಳಿಯದು. ಎದುರಿಗೆ ಯಾರಾದರೂ ನಿಂತರೆ ನನ್ನ ಬಾಯಿ ನನ್ನನ್ನು ಕೇಳಿ ತೆರೆಯುವುದಿಲ್ಲ.

ಮಧ್ಯಾಹ್ನ ಮಾಸ್ತರರ ನೋಟುಬುಕ್ಕು ತೆಗೆದೆ. ನಾನು ಓದದೆ ಬಿಟ್ಟ ಅರ್ಧ ಪುಟ ಹೀಗಿದೆ: “ಖಾಲಿ. ತಾಳದಲ್ಲಿ ಚಪ್ಪಾಳೆ ಇಲ್ಲದ ಜಾಗ. ಗುರುತು ೦. ಇಲ್ಲಿ ಕೈ ಬೀಸಿ ತೋರಿಸಬೇಕು. ಚಪ್ಪಾಳೆ ಇಲ್ಲವೆಂದು ಮಾತ್ರೆ ಬಿಡಬಾರದು, ಎಲ್ಲ ಸಾಲಿನಂತೆ ಇದನ್ನೂ ಪೂರ್ತಿ ಎಣಿಸಬೇಕು. ಸಮ್ ಎಂದರೆ ತಾಳದ ಮೊದಲ ಮಾತ್ರೆ, ಗುರುತು ×. ಹಾಡುವವನು ಎಲ್ಲಿ ಹೋದರೂ ಅಲ್ಲಿಗೇ ಬಂದು ಸೇರಬೇಕು. ಖಾಲಿಯನ್ನು ಕಳೆದುಕೊಂಡವನಿಗೆ ಸಮ್ ಸಿಗುವುದಿಲ್ಲ.”

ಸೊನ್ನೆ ಸಾಲುಗಳನ್ನು ಸೇರಿಸಿ ಕೂಡಿದೆ. ತೀನತಾಲ ಹದಿನಾರು. ದಾದರಾ ಆರು. ಐದಕ್ಕೆ ಐದೂ ಸರಿ.

ನವೆಂಬರ್ ೧೪, ಗುರುವಾರ

ಹುಕ್ಕೇರಿಯಿಂದ ನಂದಿನಿ ಅಕ್ಕಾರ ಫೋನು.

“ಅಣ್ಣಾಸಾಹೇಬ್ರ, ಹದಿನಾಲ್ಕನೇ ಪುಟ ನೋಡೀರೇನ್ರಿ? ಒಂದ ತಾಳನೂ ಖರೆ ಇಲ್ಲ. ನಾನೂ ಇವತ್ತ ನೋಡಿದ್ನಿ. ಹುಡುಗೂರು ಮೊದಲನೇ ಪುಟದಿಂದ ಬಾಯಿಪಾಠ ಮಾಡಿಕೋತ ಬಂದಾವು. ಮಾಸ್ತರಿಗಿ ವಯಸ್ಸಾತು ಬಿಡ್ರಿ, ಪಾಪ. ಇನ್ನ ಜೂನಿಯರ್ ಮುಗದ ಮ್ಯಾಲ ಅವರ ಕಡೆ ಮಕ್ಕಳನ್ನ ಕಳಸೂ ಮುಂದ ವಿಚಾರ ಮಾಡಬೇಕಾಗತೈತಿ.”

ನಾನು “ಹೂಂ” ಎಂದೆ.

ಐವತ್ತಾರು ವರ್ಷದಲ್ಲಿ ನಾನು ಆಡಿದ ಅತಿ ಸಣ್ಣ ಮಾತು ಅದೇ ಇರಬೇಕು. ಕವರಿನ ಮೇಲೆ ಇರುವುದು ಅವರ ಹೆಸರು, ನನ್ನದಲ್ಲ. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ, ಊರಿಗೆಲ್ಲ ಗೊತ್ತು. ಹಾಗೇ ಬಿಟ್ಟರೆ ತಪ್ಪು ತಾನಾಗಿ ಅವರ ಖಾತೆಗೆ ಹೋಗಿ ಕೂರುತ್ತದೆ. ನಾನು ಏನೂ ಮಾಡಬೇಕಾಗಿಲ್ಲ. ಇದನ್ನು ಬರೆದಿಡುತ್ತಿದ್ದೇನೆ, ಏಕೆಂದರೆ ಇದು ಹೊಳೆದದ್ದು ಖರೆ.

ಏನೇ ಆಗಲಿ, ಇಪ್ಪತ್ನಾಲ್ಕರೊಳಗೆ ಎಲ್ಲ ಪ್ರತಿಗೂ ಸರಿಯಾದ ಪುಟ ಹಚ್ಚಲೇಬೇಕು. ಹೊರಗೆ ಹೋದದ್ದು: ಮೂಡಲಗಿ ೫೦, ಹುಕ್ಕೇರಿ ೪೫, ಅಂಗಡಿಯಿಂದ ೩೮. ಕಪಾಟಿನಲ್ಲಿ ಹದಿನೇಳು ಇರಬೇಕು. ಹದಿನಾರು ಇವೆ. ಇಲ್ಲದ್ದು ೯೬. ನಾನು ಮೂಡಲಗಿ, ಹುಕ್ಕೇರಿಗೆ ಹೋದ ದಿನ ಅಂಗಡಿಯಲ್ಲಿ ಶೋಭಾ ಕೂತಿದ್ದಳು. ಯಾರಿಗೋ ಕೊಟ್ಟು ಬರೆಯುವುದನ್ನು ಮರೆತಿರಬೇಕು. ಕೇಳಲು ಹೋದರೆ ಎಲ್ಲ ಹೇಳಬೇಕಾಗುತ್ತದೆ. ಕೇಳಲಿಲ್ಲ.

ನವೆಂಬರ್ ೧೫, ಶುಕ್ರವಾರ

ಹದಿನಾಲ್ಕನೆಯ ಪುಟದ ಮೇಲೆ ಅಂಟಿಸಲು ಚೀಟಿ ಮಾಡಿದೆ. ಐದೂ ತಾಳ, ಎಲ್ಲ ಸೊನ್ನೆ ಸಾಲು ಸಮೇತ, ಜೊತೆಗೆ ಖಾಲಿಯ ಅರ್ಥ. ಅಡಿಯಲ್ಲಿ ಒಂದು ಸಾಲು ಬೇಕಲ್ಲ. ‘ಕಣ್ತಪ್ಪಿನಿಂದ’ ಎಂದು ಬರೆದೆ, ಯಾರ ಕಣ್ಣು ಎಂದು ಕೇಳುತ್ತಾರೆ. ‘ಅನಿವಾರ್ಯ ಕಾರಣದಿಂದ’ ಎಂದು ಬರೆದೆ, ಸಭೆ ಮುಂದೂಡಿದಂತೆ ಕಂಡಿತು. ಕೊನೆಗೆ ‘ಮುದ್ರಣ ದೋಷದಿಂದ’ ಎಂದು ಇಟ್ಟೆ. ಇದರಲ್ಲಿ ಮನುಷ್ಯರು ಯಾರೂ ಇಲ್ಲ. ಒಳ್ಳೆಯ ಶಬ್ದ.

ನವೆಂಬರ್ ೧೬, ಶನಿವಾರ

ಮೂಡಲಗಿ. ಮಾಸ್ತರರ ಎದುರು ಕೂತು ಮೊದಲು ಮಳೆ, ಆಮೇಲೆ ಬಸ್ಸು, ಆಮೇಲೆ ಅವರ ಕಣ್ಣು, ಎಲ್ಲ ಮಾತಾಡಿದೆ. ಅವರೇ ನಿಲ್ಲಿಸಿದರು.

“ಚೀಟಿ ತಂದಿ ಏನ?”

ಅವರಿಗೆ ಎಲ್ಲ ಗೊತ್ತಿತ್ತು. ಸೋಮವಾರವೇ ಒಬ್ಬ ಹುಡುಗಿ ಅವರ ಮುಂದೆ ಕೂತು ಹನ್ನೆರಡು ಮಾತ್ರೆಯ ತೀನತಾಲ ಹಾಕಿ ತೋರಿಸಿದ್ದಳಂತೆ. ಅಂದೇ ಇಡೀ ಕ್ಲಾಸಿಗೆ ಬಾಯಿಂದಲೇ ಸರಿ ಮಾಡಿಸಿದ್ದರು.

“ಹುಡುಗೂರಿಗೆ ಏನಂತ ಹೇಳಿದ್ರಿ?”

“ಬರಸೂ ಮುಂದ ನನಗ ಮರವಾಗಿತ್ತು ಅಂದ್ನಿ.”

“ನಿಮಗ ಮರವಾಗಿರಲಿಲ್ಲಲ್ರಿ.”

“ನಿನಗ ಗೊತ್ತೈತಿ, ನನಗ ಗೊತ್ತೈತಿ. ನೀ ಅಳಸೂ ಮುಂದ ಮೂರ ಸಲ ಕೂಡಿರತಿ ಅನ್ನೂದೂ ಗೊತ್ತೈತಿ. ನಾ ಲೆಕ್ಕದಾಗ ಕಚ್ಚಾ ಅಂತ ಅನಕೊಂಡಿರಬೇಕಲ್ಲ?”

ಚೀಟಿ ಹೊರಗೆ ತೆಗೆದೆ. ಚೀಟಿ ಓದು ಎಂದರು. ಓದಿದೆ. ಅಡಿಯ ಸಾಲಿಗೆ ಬಂದಾಗ ಕನ್ನಡಕದ ಹಿಂದೆ ಹುಬ್ಬು ಏರಿತು.

“ಮುದ್ರಣ ದೋಷ ಅಂದ್ರ ಮಿಷನ್ ಮಾಡಿದ್ದೇನ? ಮಿಷನ್ನಿಗಿ ಸೊನ್ನಿ ಕಂಡ್ರ ಸಿಟ್ಟೇನೋ?”

ಕೈ ಮುಂದೆ ಮಾಡು ಎಂದರು. ತೀನತಾಲ ಹಾಕಿಸಿದರು. ಒಂದಕ್ಕೆ ಚಪ್ಪಾಳೆ, ಐದಕ್ಕೆ ಚಪ್ಪಾಳೆ, ಒಂಬತ್ತಕ್ಕೆ ಕೈ ಬೀಸು, ಹದಿಮೂರಕ್ಕೆ ಚಪ್ಪಾಳೆ. ನಡುವಿನವನ್ನು ಬೆರಳಿನ ಮೇಲೆ ಎಣಿಸಬೇಕು. ಕೇಳಲು ಸುಲಭ. ಒಂಬತ್ತು ಬಂದಾಗಲೆಲ್ಲ ನನ್ನ ಎರಡೂ ಕೈ ತಾವಾಗಿ ಕೂಡಿ ಟಪ್ ಎನ್ನುತ್ತಿದ್ದವು. ಅವರು ಕಣ್ಣಿಲ್ಲದೆ ಕೇಳಿಯೇ ಹಿಡಿಯುತ್ತಿದ್ದರು.

“ನಿನ್ನ ಕೈಗಿ ಸುಮ್ನ ಇರಾಕ ಬರೂದಿಲ್ಲ, ಬಾಯಿಹಂಗ. ಮತ್ತ ಹಾಕು.”

ಎರಡು ಬಸ್ಸು ಹೋದವು. ಆರನೆಯ ಸಲವೋ ಏಳನೆಯ ಸಲವೋ ಬಂತು.

“ಹಾಡಾವರು ಕಣ್ಣ ಮುಚ್ಚಿಕೊಂಡ ಎಲ್ಲೆಲ್ಲೋ ತಿರಗತಾರ,” ಎಂದರು. “ಚಪ್ಪಾಳಿ ಮೂರದಾವು, ಮೂರೂ ಒಂದ ಥರಾ ಕೇಳತಾವು. ಕೈ ಎಲ್ಲಿ ಬೀಸತಿ, ಅದೊಂದ ಬ್ಯಾರೆ. ಅದನ್ನ ನೋಡಿನ ತಾ ಎಲ್ಲಿ ಅದೀನಿ ಅಂತ ಅವರಿಗಿ ತಿಳಿಯೂದು. ಅದನ್ನ ನೀ ಕಿತ್ತ ಒಗದಿದ್ದಿ.”

ಮಕ್ಕಳ ಪ್ರತಿಗಳಿಗೆ ಚೀಟಿ ಅಂಟಿಸಿ ಬಂದೆ. ೫೦ಕ್ಕೆ ೫೦.

ನವೆಂಬರ್ ೧೭, ಭಾನುವಾರ

ಹುಕ್ಕೇರಿ. ನಂದಿನಿ ಅಕ್ಕಾರ ಕ್ಲಾಸಿನಲ್ಲಿ ಚಾಪೆಯ ತುಂಬ ಮಕ್ಕಳು. ಅಂಟಿನ ಡಬ್ಬಿ ಒಂದೇ, ಸಾಲಾಗಿ ಕೂರಿಸಿ ಅಂಟಿಸಿದೆ. ಮುಂದೆ ಕೂತ ಒಬ್ಬಳು ಜಾಣೆ ಕೈ ಎತ್ತಿದಳು.

“ಅಂಕಲ್, ಖಾಲಿ ಅಂದ್ರ ಏನೂ ಇಲ್ಲ ಅಲ್ರಿ? ಮತ್ತ ಅದನ್ನ ಯಾಕ ಎಣಸಬೇಕು?”

ನಾನು ಎರಡು ವಾರದ ಹಿಂದೆ ಕೇಳಬೇಕಿದ್ದ ಪ್ರಶ್ನೆ. ಅಕ್ಕಾರು ಬಾಯಿ ತೆರೆಯುವ ಮೊದಲೇ ನಾನು ತೆರೆದೆ: “ನಮ್ಮ ಅಂಗಡಿ ಸೋಮವಾರ ಮಧ್ಯಾಹ್ನದ ಮ್ಯಾಲ ಬಂದ್ ಇರತೈತಿ. ಬಂದ್ ಐತಿ ಅಂತ ವಾರದಾಗಿಂದ ಸೋಮವಾರ ತಗದ ಬಿಟ್ರ? ಬುಧವಾರ ಬರಬೇಕಾದ ಗಿರಾಕಿ ಮಂಗಳವಾರ ಬಂದ ನಿಂದರತಾನು.”

ಮಕ್ಕಳು ನಕ್ಕವು. ಅಕ್ಕಾರೂ ನಕ್ಕರು. ಆಮೇಲೆ ಮೆತ್ತಗೆ, “ಮಾಸ್ತರಿಗಿ ಇದನ್ನ ಯಾರರೆ ತಿಳಿಸಿ ಹೇಳೀರೇನ್ರಿ? ಬ್ಯಾಸರ ಮಾಡಕೋತಾರೇನೋ” ಎಂದರು.

“ಮಾಸ್ತರು ಬರದದ್ದ ಖರೆ ಇತ್ರಿ,” ಎಂದೆ. “ಸೊನ್ನಿ ನೋಡಿ ಕಿತ್ತಾಂವ ನಾನು. ಮೊತ್ತ ತಿದ್ದಿದಾಂವನೂ ನಾನ. ಅವರ ಕಡೆ ಮಕ್ಕಳನ್ನ ಕಳಸ್ರಿ.”

ಬಸ್ಸಿನ ಹೊತ್ತಾಗಿತ್ತು, ಗಡಿಬಿಡಿಯಲ್ಲಿ ಬಾಯಿಂದ ಬಂದು ಹೋಯಿತು. ೪೫ಕ್ಕೆ ೪೫.

ಬರುವಾಗ ಘಟಪ್ರಭಾದ ಹತ್ತಿರ ಸಣ್ಣ ಮಳೆ. ಬಸ್ಸಿನ ವೈಪರು ಎಂಟು ಎಣಿಕೆಗೊಮ್ಮೆ ಎಡವುತ್ತದೆ. ಡಿಪೋದವರು ನೋಡಿಕೊಳ್ಳಬೇಕು.

ನವೆಂಬರ್ ೧೮, ಸೋಮವಾರ

ಉಳಿದ ಚೀಟಿಗಳನ್ನು ರದ್ದಿಗೆ ಹಾಕಿ ಹೊಸದಾಗಿ ಅಚ್ಚು ಹಾಕಿದೆ. ಮೊದಲಿನ ಕಾಗದ ತೆಳುವಾಗಿತ್ತು. ಹೇಗೂ ಹಾಕುತ್ತಿದ್ದೇನೆಂದು ಅಡಿಯ ಸಾಲನ್ನೂ ಬದಲಿಸಿದೆ: “ಮಾಸ್ತರರ ಮೂಲ ಬರಹ ಸರಿ ಇತ್ತು. ಸೊನ್ನೆಯ ಸಾಲುಗಳನ್ನು ತೆಗೆದವನು ಮುದ್ರಕ ಅಣ್ಣಾಸಾಹೇಬ, ಗೋಕಾಕ.” ಮೂಡಲಗಿ, ಹುಕ್ಕೇರಿಗೂ ಇವನ್ನೇ ಕೊಟ್ಟು ಕಳಿಸಿದೆ, ಹಳೆಯದರ ಮೇಲೆ ಅಂಟಿಸಲಿ ಎಂದು. ಅಲ್ಲಿಯೂ ಕಾಗದ ತೆಳುವೇ ಇತ್ತಲ್ಲ.

ನವೆಂಬರ್ ೨೦, ಬುಧವಾರ

ಅಂಗಡಿಯಿಂದ ಹೋದ ೩೮ರಲ್ಲಿ ೩೭ ಮುಗಿದವು. ಕೆಲವರ ಮನೆಗೆ ಹೋದೆ, ಕೆಲವರು ಬಂದರು. ಒಬ್ಬರ ತಾಯಿ ಬಾಗಿಲಲ್ಲೇ ನಿಂತು ಇಡೀ ಓಣಿಗೆ ಕೇಳುವಂತೆ ಬೈದರು. ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದೆ. ಆಮೇಲೆ ಒಳಗೆ ಕರೆದು ಚಹಾ ಕೊಟ್ಟರು.

ಅಡಿಗೆಮನೆಯಲ್ಲಿ ಶೋಭಾ ರೊಟ್ಟಿ ಬಡಿಯುವುದನ್ನು ಕೂತಲ್ಲಿಂದ ಎಣಿಸಿದೆ. ಒಂದು ಅಳತೆಯಲ್ಲಿ ಬಡಿಯುತ್ತಾಳೆ, ತಪ್ಪುವುದೇ ಇಲ್ಲ. ನಡುನಡುವೆ ಕೈ ಎತ್ತಿ ಹಿಟ್ಟು ಉದುರಿಸುತ್ತಾಳೆ, ಆಗ ಸದ್ದಿಲ್ಲ. ಮತ್ತೆ ಸರಿಯಾಗಿ ಒಂದಕ್ಕೇ ಬಂದು ಬೀಳುತ್ತದೆ. ಮೂವತ್ತು ವರ್ಷ ತಿಂದೆ, ಎಣಿಸಿದ್ದು ಇವತ್ತು.

ಉಳಿದವು ಎರಡು. ೧೦೭ ನಾಗನೂರಿನ ದ್ರಾಕ್ಷಾಯಿಣಿಯದು. ಬೇಕಂತಲೇ ಕೊನೆಗೆ ಇಟ್ಟಿದ್ದೆ. ೯೬ ಯಾರದೋ.

ನವೆಂಬರ್ ೨೧, ಗುರುವಾರ

ನಾಗನೂರು. ದ್ರಾಕ್ಷಾಯಿಣಿ ಹೊಲಿಗೆ ಯಂತ್ರದ ಮುಂದೆ ಇದ್ದಳು. ಪುಸ್ತಕ ಯಂತ್ರದ ಮೇಲೆಯೇ ತೆರೆದಿತ್ತು, ಹದಿನಾಲ್ಕನೆಯ ಪುಟದ ಅಂಚು ಬೆರಳು ತಾಕಿ ಕಪ್ಪಾಗಿತ್ತು. ಚೀಟಿಯನ್ನು ಎರಡು ಸಲ ಓದಿದಳು.

“ಈಗ ಯಾವದನ್ನ ನಂಬಲಿ? ಪುಸ್ತಕಾನೋ ಚೀಟಿಯನ್ನೋ?”

“ಮೊದಲ ನೀ ಹಾಡತಿದ್ದಿಯಲ್ಲ, ಅದನ್ನ ನಂಬವಾ.”

“ಮತ್ತ ಅವತ್ತ ‘ಪರೀಕ್ಷಾದಾಗ ಬ್ಯಾರೆ, ಭಜನ್ಯಾಗ ಬ್ಯಾರೆ’ ಅಂದ್ರಿ?”

“ಅದು ಸುಳ್ಳ. ನಾ ಹೇಳಿದ್ದು.”

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಬೈದಿದ್ದರೆ ಮುಗಿಯುತ್ತಿತ್ತು.

“ಒಂದ ವಾರ ಆತ್ರಿ ಕಾಕಾ, ನಾ ಭಜನಿಗೇ ಹೋಗಿಲ್ಲ,” ಎಂದಳು. “ನನ್ನ ಹಳೇ ತಾಳಾ ತಪ್ಪ ಅಂತ ತಿಳದ ಬಡದ ಬಡದ ಮರತೇನಿ. ಈಗ ಕೈ ಎತ್ತಿದ್ರ ಹನ್ನೆರಡಕ್ಕ ಬಂದ ನಿಂದರತೈತಿ. ಇನ್ನ ಮೂರ ದಿನದಾಗ ನಾ ಏನ ಮಾಡಲಿ?”

“ನೀ ಹಾಡು, ತಾಳ ನಾ ಹಾಕತೀನಿ” ಎಂದೆ. ಅವಳು ನನ್ನನ್ನು ಒಮ್ಮೆ ನೋಡಿದಳು. ಸಣ್ಣವಳಿದ್ದಾಗಿನಿಂದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಗಂಟಲು ಕೇಳಿದವಳು. ಪಾದ ತೆಗೆದು ಯಂತ್ರ ನಿಲ್ಲಿಸಿ ಹಾಡಿದಳು.

ಮಾಸ್ತರರ ಕಟ್ಟೆಯ ಮೇಲೆ ಬಂದದ್ದು ಇಲ್ಲಿ ಬರಲಿಲ್ಲ. ಒಂದು, ಐದು ಸರಿಯಾಯಿತು. ಒಂಬತ್ತಕ್ಕೆ ಕೈ ಬೀಸಿದೆ, ಆದರೆ ಹತ್ತಕ್ಕೆ ಗಾಬರಿಯಾಗಿ ಒಂದು ಚಪ್ಪಾಳೆ ಬಿತ್ತು. ಮತ್ತೆ ಮೊದಲಿನಿಂದ. ಮತ್ತೆ ತಪ್ಪಿದೆ. ಮೂರನೆಯ ಸಲ ಅವಳು ಹಾಡು ನಿಲ್ಲಿಸಿದಳು.

“ಅಯ್ಯ, ಹಂಗಲ್ರಿ ಕಾಕಾ. ಬೀಸಿದ ಕೈ ಗಾಳ್ಯಾಗ ಇರಲಿ, ಅವಸರ ಯಾಕ ಮಾಡತೀರಿ? ಹಿಂಗ ನೋಡ್ರಿ.” ತೋರಿಸಿದಳು. ಅವಳ ಕೈ ಒಂಬತ್ತಕ್ಕೆ ಎದ್ದು ಹೋಯಿತು, ಹದಿಮೂರಕ್ಕೆ ಬಂದು ಬಿತ್ತು, ಹದಿನಾರು ದಾಟಿ ಒಂದಕ್ಕೆ ಸೇರಿತು. ನನ್ನನ್ನು ತಿದ್ದುವ ಭರದಲ್ಲಿ ನಾಲ್ಕು ಸುತ್ತು ಹಾಕಿದಳು. ಆಮೇಲೆ ತನ್ನ ಕೈಯನ್ನೇ ನೋಡಿಕೊಂಡಳು.

ಚೀಟಿ ಅಂಟಿಸಿ ಬಂದೆ. ೧೦೭ ಮುಗಿಯಿತು.

ನವೆಂಬರ್ ೨೨, ಶುಕ್ರವಾರ

೯೬ ಇಲ್ಲ. ಝೆರಾಕ್ಸಿಗೆ ಬಂದ ಹುಡುಗಿಯರನ್ನೆಲ್ಲ ಕೇಳಿದೆ.

ನವೆಂಬರ್ ೨೪, ಭಾನುವಾರ

ಎಂಟು ಗಂಟೆಗೇ ಪರೀಕ್ಷೆಯ ಶಾಲೆಯ ಗೇಟಿನಲ್ಲಿ ನಿಂತೆ, ಕೈಯಲ್ಲಿ ಒಂದು ಚೀಟಿ. ಒಳಗೆ ಹೋಗುವ ಒಬ್ಬೊಬ್ಬರ ಪುಸ್ತಕದ ಹದಿನಾಲ್ಕನೆಯ ಪುಟ ತೆರೆಸಿ ನೋಡಿದೆ. ಕಾವಲುಗಾರ ನನ್ನನ್ನು ತಪಾಸಣೆಯವನೆಂದು ತಿಳಿದು ಕುರ್ಚಿ ತಂದುಕೊಟ್ಟ. ಎಲ್ಲರದಕ್ಕೂ ಚೀಟಿ ಇತ್ತು. ೯೬ ಬರಲಿಲ್ಲ. ಗಂಟೆ ಹೊಡೆದ ಮೇಲೂ ಕೂತೇ ಇದ್ದೆ. ಯಾವಳೋ ಒಬ್ಬಳು ಒಳಗೆ ಕೂತು ಹನ್ನೆರಡು ಎಂದು ಬರೆಯುತ್ತಿದ್ದರೆ ಅದನ್ನು ಬರೆಸಿದ ಕೈ ನನ್ನದು.

ನಡುವೆ ಮಾಸ್ತರರ ಫೋನು. ನಿನ್ನೆ ಕಣ್ಣಿನ ಡಾಕ್ಟರರು ದಿನಕ್ಕೆ ಹತ್ತು ನಿಮಿಷ ಓದಬಹುದು ಎಂದರಂತೆ. “ಮೊದಲ ಹದಿನಾಲ್ಕನೇ ಪುಟಾನ ತಗದ್ನಿ. ನಿನ್ನ ಹೆಸರೂ ಬಂತಲ್ಲೋ ಪುಸ್ತಕದಾಗ,” ಎಂದರು. ಇಷ್ಟೇ ಹೇಳಿ ಇಟ್ಟರು.

ದ್ರಾಕ್ಷಾಯಿಣಿ ಎಲ್ಲರಿಗಿಂತ ಮೊದಲು ಹೊರಗೆ ಬಂದಳು.

“ಬಂತ್ರಿ ಕಾಕಾ! ‘ತೀನತಾಲವನ್ನು ಗುರುತುಗಳ ಸಹಿತ ಬರೆಯಿರಿ’, ಐದ ಮಾರ್ಕಿಗಿ.”

“ಎಷ್ಟ ಬರದಿ?”

ಅವಳು ಗೇಟಿನ ಮುಂದೆ ನಿಂತೇ ತಾಳ ಹಾಕಿ ತೋರಿಸಿದಳು. ಒಂಬತ್ತಕ್ಕೆ ಅವಳ ಕೈ ಎದ್ದಾಗ ಆಟೋದವನು ತನ್ನನ್ನೇ ಕರೆದಳೆಂದು ಗಾಡಿ ನಿಲ್ಲಿಸಿದ. ಅದರಲ್ಲೇ ಹತ್ತಿ ಹೋದಳು. ಫಲಿತಾಂಶಕ್ಕೆ ಇನ್ನೂ ಸಮಯವಿದೆ.

ಮನೆಗೆ ಬಂದು ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ. “ತೊಂಬತ್ತಾರ ಸಿಗಲೇ ಇಲ್ಲ” ಎಂದೆ. ಈ ವಿಷಯದಲ್ಲಿ ಶೋಭಾಳ ಎದುರು ಆಡಿದ ಮೊದಲ ಮಾತು.

“ಏನ ತೊಂಬತ್ತಾರು?”

ಎಲ್ಲ ಹೇಳಿದೆ. ಸೊನ್ನೆ, ಕೂಡಿಕೆ, ಹೂಂ ಎಂದದ್ದು. ಅವಳು ಕೈ ಒರೆಸಿಕೊಂಡು ಎದ್ದು, ಹಿಟ್ಟಿನ ಡಬ್ಬಿಯ ಮೇಲಿನ ಹಲಗೆಯಿಂದ ಪುಸ್ತಕ ತಂದು ತಾಟಿನ ಬಾಜೂ ಇಟ್ಟಳು. ನಂಬರ್ ೯೬.

ಹದಿನಾಲ್ಕನೆಯ ಪುಟದಲ್ಲಿ ಪೆನ್ಸಿಲ್ಲಿನಿಂದ ಸೊನ್ನೆಯ ಸಾಲುಗಳನ್ನೆಲ್ಲ ಬರೆದು ಸೇರಿಸಿದ್ದಳು. ಐದೂ ತಾಳಕ್ಕೆ. ನನ್ನ ಮೊತ್ತದ ಮೇಲೆ ಗೀಟು ಎಳೆದು ಬಾಜೂ ಸರಿ ಮೊತ್ತ ಹಾಕಿದ್ದಳು.

“ನಿನಗ ಇದು ಹೆಂಗ ಗೊತ್ತು?”

“ಧುಪದಾಳದಾಗ ಸಾಲಿ ಮುಗದ ಮ್ಯಾಲ ಎರಡ ವರ್ಷ ಕಲತೇನಲ್ರಿ. ಜೂನಿಯರ್ ಪರೀಕ್ಷಾ ಕಟ್ಟಿದ್ನಿ. ಆ ವಾರನ ನೀವು ಕನ್ಯಾ ನೋಡಾಕ ಬಂದ್ರಿ.”

“ಯಾವತ್ತೂ ಹೇಳಲಿಲ್ಲ?”

“ನೀವು ಮಾತಾಡತಿದ್ರಿ.”

ಸಿಟ್ಟಿನಿಂದ ಹೇಳಲಿಲ್ಲ. ಇನ್ನೊಂದು ರೊಟ್ಟಿ ಹಾಕಿದಳು. “ಪುಸ್ತಕದ್ದು ನಾಕನೇ ತಾರೀಖಿಗೇ ಹೇಳಿದ್ನಲ್ರಿ. ನೀವು ನಂಬರ್ ಹೊಡ್ಯಾಕತ್ತಿದ್ರಿ. ಆಮ್ಯಾಲ ಅಂಟಿನ ಡಬ್ಬಿ ಹಿಡಕೊಂಡ ಹೊಂಟಿರಿ, ಗೊತ್ತಾಗೇತಿ ಅಂತ ಸುಮ್ನಾದ್ನಿ.”

ಊಟವಾದ ಮೇಲೆ ಕಿರ್ದಿ ತೆಗೆದು ನಾಲ್ಕನೆಯ ತಾರೀಖು ನೋಡಿದೆ. ಹೌದು, ಇದೆ. ಅಂದು ಏನು ಹೇಳಿದ್ದಳೆಂದು ಅವಳನ್ನೇ ಕೇಳಿದೆ. ಕಿರ್ದಿಯಲ್ಲಿ ಹಳೆಯ ಬರಹವನ್ನು ಅಳಿಸುವಂತಿಲ್ಲ. ತಪ್ಪು ಕಂಡ ದಿನ ಹೊಸ ತಾರೀಖಿನಲ್ಲಿ ತಿದ್ದುಪಡಿ ಬರೆಯಬೇಕು. ಬರೆಯುತ್ತೇನೆ:

ನವೆಂಬರ್ ೪ರ ಬರಹದಲ್ಲಿ ಶೋಭಾ ‘ಏನೋ ಹೇಳಿದಳು’ ಎಂದಿದೆ. ಅದನ್ನು ಹೀಗೆ ಓದಿಕೊಳ್ಳಬೇಕು. ಶೋಭಾ ಹದಿನಾಲ್ಕನೆಯ ಪುಟ ತೆರೆದು, “ಇದರಾಗ ಕೈ ಬೀಸೂ ಜಾಗಾನ ಇಲ್ಲಲ್ರಿ” ಎಂದಳು. ಎರಡು ಸಲ ಎಂದಳು. ನಾನು ತಲೆ ಎತ್ತಲಿಲ್ಲ.

ಪ್ರತಿ ೯೬: ಶೋಭಾ, ಧುಪದಾಳ. ಚೀಟಿ ಬೇಕಾಗಿಲ್ಲ.